ಬೆಳಗಿನ ಓಟ ಬಿಟ್ಟುಬಿಡಲಾ, ಮುಂದುವರಿಸಲಾ?

ಪ್ರಶ್ನೆ: ಸರ್, ನನಗೆ 44 ವರ್ಷ. ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಮೇಷ್ಟ್ರು. ಎರಡೂವರೆ ತಿಂಗಳಿಂದ ದಿನಾ ಬೆಳಗ್ಗೆ ಐದಕ್ಕೆ ಎದ್ದು ಗೌರಿಬಿದನೂರು ರಸ್ತೆಯಲ್ಲಿ ಓಡುತ್ತಿದ್ದೇನೆ. ಮೊದಲ ತಿಂಗಳು ಎರಡು ಕಿಲೋಮೀಟರ್ ಓಡುತ್ತಿದ್ದೆ, ಈಗ ಎಂಟು. ನಾಲ್ಕು ಕೆ.ಜಿ. ಇಳಿದಿದ್ದೇನೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ. ಆದರೆ ಅಮ್ಮನಿಗೆ ಭಯ. "ಅಪ್ಪುಗೆ ಆದ ಹಾಗೆ ಆದರೆ ಮಕ್ಕಳ ಗತಿ ಏನಪ್ಪಾ" ಅಂತ ಕಣ್ಣೀರು ಹಾಕುತ್ತಾರೆ. ಸ್ಟಾಫ್ ರೂಮಿನಲ್ಲಿ "ಐವತ್ತಕ್ಕೆಲ್ಲ ಮಂಡಿ ಚಿಪ್ಪು ಸವೆದುಹೋಗುತ್ತೆ ನೋಡಿ" ಅಂತಾರೆ. ಎರಡು ವಾರದಿಂದ ಎಡಗಾಲಿನ ಮಂಡಿ ಕೆಳಗೆ, ಮುಂದಿನ ಮೂಳೆ ಪಕ್ಕ ನೋವಿದೆ. ಓಡುವ ಮುಂಚೆ ಒಂದು ನೋವಿನ ಮಾತ್ರೆ ನುಂಗಿ ಹೊರಡುತ್ತೇನೆ. ನಮ್ಮನೆಯವರೂ ನನ್ನ ಜೊತೆ ಬರುತ್ತೇನೆ ಅಂತಿದ್ದಾರೆ. ಇನ್ನೊಂದು, ಹೋದ ವಾರ ನಾಯಿ ಅಟ್ಟಿಸಿಕೊಂಡು ಬಂದು ಹಲ್ಲು ತಾಗಿ ಮೀನಖಂಡದ ಹತ್ತಿರ ಸ್ವಲ್ಪ ಗೀಚಿತು, ರಕ್ತ ಏನೂ ಬರಲಿಲ್ಲ. ಓಡೋದು ಬಿಟ್ಟುಬಿಡಲಾ, ಮುಂದುವರಿಸಲಾ?

ಉತ್ತರ: ಮೇಷ್ಟ್ರೇ, ಎಲ್ಲ ಹೇಳಿ ಮುಗಿಸಿದ ಮೇಲೆ ಮರೆತಿದ್ದು ನೆನಪಾದ ಹಾಗೆ ನಾಯಿ ಹಲ್ಲು ತಾಗಿದ್ದನ್ನು ಬರೆದಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಹಾರ್ಟು, ಮಂಡಿ ಎಲ್ಲ ಆಮೇಲೆ. ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ. ವಾರ ಆಯಿತಲ್ಲ, ಇನ್ನು ಹೋಗಿ ಏನು ಪ್ರಯೋಜನ ಅಂತ ಅಂದುಕೊಳ್ಳಬೇಡಿ. ಈ ಕಾಯಿಲೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಒಳಗೇ ಇದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ತಡವಾಗಿ ಹೋದರೂ ಹಾಕಿಸಿಕೊಳ್ಳಲೇಬೇಕು. ಲಕ್ಷಣ ಒಂದು ಸಲ ಶುರುವಾಯಿತು ಅಂದರೆ ಉಳಿಸಿಕೊಳ್ಳುವ ಔಷಧಿ ನಮ್ಮ ಹತ್ತಿರ ಇಲ್ಲ, ಯಾವ ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ.

ರಕ್ತ ಬರಲಿಲ್ಲ ಅನ್ನುವುದನ್ನು ಎಲ್ಲರೂ ಸಮಾಧಾನಕ್ಕೆ ಹೇಳಿಕೊಳ್ಳುತ್ತಾರೆ. ಚರ್ಮ ಗೀಚಿದೆ ಅಂದರೆ, ರಕ್ತ ಕಾಣದಿದ್ದರೂ, ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕಾಗುತ್ತದೆ. ಅದನ್ನು ಡಾಕ್ಟರು ಕಾಲು ನೋಡಿ ತೀರ್ಮಾನ ಮಾಡಲಿ, ನಾವು ಮನೆಯಲ್ಲಿ ಕೂತು ಮಾಡುವುದು ಬೇಡ. ತೋಳಿನ ಚರ್ಮದಲ್ಲಿ ಹಾಕುವುದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ. ಮಾಂಸಖಂಡಕ್ಕೆ ಹಾಕುವುದಾದರೆ 14ನೇ ದಿನವೂ ಸೇರಿ ಒಟ್ಟು ಐದು. ಎರಡು ಡೋಸ್ ಆದ ಮೇಲೆ ಗಾಯ ಒಣಗಿರುತ್ತದೆ, ಆಗ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ನಾಯಿಯನ್ನು ಹತ್ತು ದಿನ ನೋಡೋಣ, ಸತ್ತರೆ ಹಾಕಿಸಿಕೊಂಡರಾಯಿತು ಅನ್ನುವ ಲೆಕ್ಕವೂ ಬೇಡ. ಮೊದಲು ಲಸಿಕೆ ಶುರುವಾಗಲಿ. ಆ ನಾಯಿ ಎಲ್ಲಿದೆ ಅಂತ ಗೊತ್ತಿದ್ದು, ಹತ್ತು ದಿನವೂ ಆರೋಗ್ಯವಾಗಿದ್ದರೆ ಉಳಿದ ಡೋಸ್ ಬೇಕೋ ಬೇಡವೋ ಅಂತ ಡಾಕ್ಟರು ಹೇಳುತ್ತಾರೆ.

ಇಲ್ಲೇ ಇನ್ನೊಂದು ವಿಷಯ ಬರೆದುಬಿಡುತ್ತೇನೆ, ನಿಮಗೆ ಮಾತ್ರ ಅಲ್ಲ, ಓದುವ ಎಲ್ಲರಿಗೂ. ಒಂದು ದಿನ ಬೆಳಗ್ಗೆ ಏಳಕ್ಕೆ ನನ್ನ ಕ್ಲಿನಿಕ್ಕಿಗೆ ಒಬ್ಬ ಹುಡುಗ ಬಂದ. ಓಡುವಾಗ ಮೀನಖಂಡಕ್ಕೆ ನಾಯಿ ಕಚ್ಚಿತ್ತು. ಮನೆಯಲ್ಲಿ ಅಜ್ಜಿ ಪ್ರೀತಿಯಿಂದಲೇ ಸುಣ್ಣ, ಅರಿಶಿನ ಕಲಸಿ ಮೆತ್ತಿ, ಮೇಲೆ ಬಟ್ಟೆ ಕಟ್ಟಿ ಕಳಿಸಿದ್ದರು. ಬಟ್ಟೆ ಬಿಚ್ಚಿ ಅವನನ್ನು ಹಿಂದಿನ ನಲ್ಲಿ ಹತ್ತಿರ ಕೂರಿಸಿದೆ. ನಲ್ಲಿ ಬಿಟ್ಟು, ಕೈಗೆ ಮೈಸೋಪು ಕೊಟ್ಟು, ಗಡಿಯಾರ ನೋಡುತ್ತಾ ನಿಂತೆ. ಮೂರು ನಿಮಿಷಕ್ಕೆ "ಆಯ್ತಾ ಸರ್" ಅಂದ. ಆರು ನಿಮಿಷಕ್ಕೆ ಅವನ ಅಪ್ಪ "ಸಾಕಲ್ವಾ ಡಾಕ್ಟ್ರೇ, ಹುಡುಗ ಚಳೀಲಿ ನಡುಗ್ತಾ ಇದಾನೆ" ಅಂದರು. ಅರಿಶಿನದ ಹಳದಿ ಹೋಗಿ ನೀರು ತಿಳಿಯಾಗುವುದಕ್ಕೇ ಎಂಟು ನಿಮಿಷ ಹಿಡಿಯಿತು. ಹದಿನೈದು ನಿಮಿಷ ಪೂರ್ತಿ ಆಗುವವರೆಗೂ ನಾನು ನಲ್ಲಿ ನಿಲ್ಲಿಸಲಿಲ್ಲ. ಹದಿನೈದು ನಿಮಿಷ ಅಂದರೆ ನಿಮ್ಮ ಒಂದು ಪೀರಿಯಡ್‌ನಲ್ಲಿ ಮೂರರಲ್ಲಿ ಒಂದು ಪಾಲು, ಸಣ್ಣ ಹೊತ್ತೇನಲ್ಲ. ಆದರೆ ವೈರಸ್ ಇರುವುದು ಗಾಯದಲ್ಲಿ ಮೆತ್ತಿಕೊಂಡ ಜೊಲ್ಲಿನಲ್ಲಿ. ಸೋಪು ಮತ್ತು ಹರಿಯುವ ನೀರು ಅದನ್ನು ಅಲ್ಲೇ ಕೊಲ್ಲುತ್ತವೆ, ತೊಳೆದುಕೊಂಡು ಹೋಗುತ್ತವೆ. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಕಚ್ಚಿದ ಜಾಗದಿಂದ ಮನೆಗೆ ದೂರ ಇದ್ದರೆ ದಾರಿಯಲ್ಲಿ ಸಿಗುವ ಮೊದಲ ನಲ್ಲಿಯಲ್ಲೇ ಶುರು ಮಾಡಿ.

ಇನ್ನು ನಾಯಿ ಅಟ್ಟಿಸಿಕೊಂಡು ಬಂದಾಗ ಏನು ಮಾಡಬೇಕು? ಓಟ ನಿಲ್ಲಿಸಬೇಕು. ಕಷ್ಟ, ಗೊತ್ತು. ಕಾಲು ತಾನಾಗಿಯೇ ಜೋರು ಓಡುತ್ತದೆ. ಆದರೆ ಓಡುವ ಕಾಲನ್ನು ಕಂಡರೇ ನಾಯಿಗೆ ಹಿಡಿಯಬೇಕು ಅನ್ನಿಸುವುದು. ನಿಂತು, ಅದರ ಕಣ್ಣನ್ನೇ ದಿಟ್ಟಿಸದೆ, ಬೆನ್ನು ತಿರುಗಿಸದೆ, ಮೆಲ್ಲಗೆ ಹಿಂದಕ್ಕೆ ಹೆಜ್ಜೆ ಇಡಿ. ಬಗ್ಗಿ ಕಲ್ಲು ಎತ್ತಿಕೊಂಡ ಹಾಗೆ ಮಾಡಿದರೆ ಬೀದಿನಾಯಿಗಳು ಸಾಮಾನ್ಯವಾಗಿ ಹಿಂದೆ ಸರಿಯುತ್ತವೆ, ಆದರೆ ಮರಿ ಹಾಕಿದ ನಾಯಿ ಮುಂದೆ ಇದನ್ನು ಮಾಡಬೇಡಿ, ಅದು ಮೇಲೆ ಬೀಳುತ್ತದೆ. ಊರಾಚೆ ಕೋಳಿ ಅಂಗಡಿಯ ಕಸ ಸುರಿಯುವ ಜಾಗಗಳಿರುತ್ತವಲ್ಲ, ಅಲ್ಲಿ ನಾಯಿಗಳು ಗುಂಪು ಕಟ್ಟಿಕೊಂಡಿರುತ್ತವೆ. ನಿಮ್ಮ ದಾರಿಯಲ್ಲಿ ಅಂಥ ಜಾಗ ಇದ್ದರೆ ದಾರಿಯನ್ನೇ ಬದಲಾಯಿಸಿ.

ದಾರಿ ಅಂದಾಗ ಹೇಳಲೇಬೇಕು, ನಿಮ್ಮ ಪ್ರಶ್ನೆಯಲ್ಲಿ ನೀವು ಕೇಳದೇ ಇರುವ ಒಂದು ವಿಷಯ ಇದೆ, ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗಿದ್ದು ಅದಕ್ಕೇ. ಬೆಳಗ್ಗೆ ಐದು ಗಂಟೆ, ಚಳಿಗಾಲ, ಗೌರಿಬಿದನೂರು ರಸ್ತೆ. ನಿಮ್ಮ ಅಮ್ಮ ಹಾರ್ಟಿಗೆ ಹೆದರುತ್ತಾರೆ, ನಿಮ್ಮ ಸ್ನೇಹಿತರು ಮಂಡಿ ವಿಷಯ ಎತ್ತುತ್ತಾರೆ, ಕತ್ತಲಲ್ಲಿ ಟಾರು ರಸ್ತೆ ಮೇಲೆ ಓಡುವುದಕ್ಕೆ ಮಾತ್ರ ಯಾರೂ ಹೆದರಿದ ಹಾಗೆ ಕಾಣಲಿಲ್ಲ. ನನ್ನ ಲೆಕ್ಕದಲ್ಲಿ ನಿಮ್ಮನ್ನು ನಾಳೆ ಬೆಳಗ್ಗೆಯೇ ಕೊಲ್ಲಬಹುದಾದದ್ದು ಅದೊಂದೇ.

ನಮ್ಮ ಕಡೆ ಮಂಜು ಹೇಗೆ ಬೀಳುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ ನಮ್ಮ ಊರ ಪಕ್ಕದ ಹೈವೇಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ 13 ಜನ ಸತ್ತರಲ್ಲ, ಆಗಲೂ ಮಂಜಿನಲ್ಲಿ ಮುಂದೇನಿದೆ ಅಂತ ಸರಿಯಾಗಿ ಕಾಣುತ್ತಿರಲಿಲ್ಲ ಅಂತಲೇ ಎಲ್ಲರೂ ಹೇಳಿದ್ದು. ಅಷ್ಟು ದೊಡ್ಡ ಟ್ಯಾಂಕರ್ ಕಾಣದ ಕಣ್ಣಿಗೆ ಕಪ್ಪು ಟೀ ಶರ್ಟ್ ಹಾಕಿಕೊಂಡ ಒಬ್ಬ ಮನುಷ್ಯ ಹೇಗೆ ಕಾಣುತ್ತಾನೆ? ಒಂದು ಲೆಕ್ಕ ಮಾಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್. ಡ್ರೈವರ್ ನಿಮ್ಮನ್ನು ಕಂಡು, ಮನುಷ್ಯ ಅಂತ ಗೊತ್ತಾಗಿ, ಬ್ರೇಕ್ ಮೇಲೆ ಕಾಲಿಡುವುದಕ್ಕೆ ಒಂದೂವರೆ ಸೆಕೆಂಡ್ ಆದರೂ ಬೇಕು. ಅಷ್ಟರಲ್ಲೇ ಗಾಡಿ 25 ಮೀಟರ್ ಬಂದಿರುತ್ತದೆ. ಜಲ್ಲಿ ತುಂಬಿದ ಟಿಪ್ಪರ್ ನಿಲ್ಲುವುದು ಅದಕ್ಕಿಂತ ಎಷ್ಟೋ ಮುಂದೆ ಹೋಗಿ. ಮತ್ತೆ ಆ ಹೊತ್ತಿನಲ್ಲಿ ರಸ್ತೆಯಲ್ಲಿ ಇರುವವರು ಯಾರು? ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಿಸಿದ ಲಾರಿಯವರು, ಮಾರ್ಕೆಟ್ಟಿಗೆ ಹೊತ್ತು ಮೀರುತ್ತದೆ ಅಂತ ಹೂವು, ಟೊಮ್ಯಾಟೊ ತುಂಬಿಕೊಂಡು ಹೊರಟ ಟೆಂಪೋದವರು, ಹಾಲಿನ ವ್ಯಾನು. ಪಾಪ, ಅವರದು ಹೊಟ್ಟೆಪಾಡು. ಮನುಷ್ಯನ ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಹೊತ್ತೇ ಅದು.

ನನಗೂ ಒಂದು ಸಲ ಆಗಿದೆ. ಆರೇಳು ವರ್ಷದ ಹಿಂದೆ, ಡಿಸೆಂಬರ್ ತಿಂಗಳು. ನಾನು ರಸ್ತೆಯ ಎಡಗಡೆ, ಅಂದರೆ ಗಾಡಿಗಳಿಗೆ ಬೆನ್ನು ಹಾಕಿ ಓಡುತ್ತಿದ್ದೆ. ಮಂಜಿನಲ್ಲಿ ಹಿಂದಿನಿಂದ ಬೆಳಕು ಬಂದಾಗ ನನ್ನ ನೆರಳೇ ಮುಂದೆ ಮಂಜಿನ ಮೇಲೆ ದೊಡ್ಡದಾಗಿ ಎದ್ದು ನಿಂತಿತು. ಅದನ್ನು ನೋಡುತ್ತಿದ್ದ ಹಾಗೇ ಟಿಪ್ಪರ್ ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿಗೆ ನಾನು ಎರಡು ಹೆಜ್ಜೆ ಒಳಕ್ಕೆ ಎಳೆದುಕೊಂಡ ಹಾಗೆ ಆಯಿತು. ಬಲಮೊಣಕೈಗೆ ಏನೋ ತಗುಲಿತು. ಮನೆಗೆ ಬಂದು ನೋಡಿದರೆ ಟಿಪ್ಪರ್ ಟಾರ್ಪಾಲಿನ ಹಗ್ಗ ಬಡಿದು ಬರೆ ಎದ್ದಿತ್ತು. ಅವತ್ತಿನಿಂದ ನಾನು ಬೆಳಕು ಹರಿಯದೆ ರಸ್ತೆಗೆ ಇಳಿದಿಲ್ಲ.

ಅದಕ್ಕೇ ಹೇಳುತ್ತೇನೆ, ಐದು ಗಂಟೆ ಬಿಡಿ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಹತ್ತಿರ. ಆರೂವರೆಗೆ ಶುರು ಮಾಡಿದರೂ ನಿಮಗೆ ಸ್ಕೂಲಿಗೆ ತಡ ಆಗುವುದಿಲ್ಲ. ರಸ್ತೆಗಿಂತ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಒಳ್ಳೆಯದು. ಇನ್ನೂ ಒಳ್ಳೆಯದು ನಿಮ್ಮ ಸ್ಕೂಲಿನ ಮೈದಾನವೇ, ಮಣ್ಣಿನ ನೆಲ, ಗಾಡಿ ಇಲ್ಲ, ಗೇಟ್ ಇದೆ. ಸುತ್ತು ಹೊಡೆಯುವುದು ಬೇಜಾರು ಅಂತ ಅನ್ನಿಸಬಹುದು, ಅರ್ಧ ಓಟ ಆದ ಮೇಲೆ ದಿಕ್ಕು ಬದಲಾಯಿಸಿ, ಒಂದೇ ಕಾಲಿಗೆ ಭಾರ ಬೀಳುವುದೂ ತಪ್ಪುತ್ತದೆ. ರಸ್ತೆಯಲ್ಲೇ ಓಡುವ ದಿನ ಬಂದರೆ ಬಲಗಡೆ ಓಡಿ, ಎದುರಿಗೆ ಬರುವ ಗಾಡಿ ನಿಮಗೆ ಕಾಣಬೇಕು. ಬೆಳ್ಳಗಿನ ಅಥವಾ ಹಳದಿ ಬಟ್ಟೆ ಹಾಕಿ, ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿ. ರಸ್ತೆ ಕೆಲಸದವರು ಹಾಕುತ್ತಾರಲ್ಲ ಅದೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ಕಿವಿಗೆ ಇಯರ್‌ಫೋನ್ ಬೇಡ. ಕುರುಡು ತಿರುವಿನಲ್ಲಿ ಓಡುವುದು ನಿಲ್ಲಿಸಿ ಮಣ್ಣಿಗೆ ಇಳಿದು ನಡೆಯಿರಿ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ರಸ್ತೆ ಮಾತ್ರ ಬೇಡವೇ ಬೇಡ. ಬೆಂಗಳೂರಿನಿಂದ ಸೂರ್ಯೋದಯ ನೋಡಲು ಬರುವ ಬೈಕು, ಕಾರುಗಳು ತಿರುವಿನಲ್ಲಿ ಹೇಗೆ ಬರುತ್ತವೆ ಅಂತ ನೀವೇ ನೋಡಿದ್ದೀರಿ.

ಕೆರೆ ಏರಿ ಮೇಲೆ ಓಡುವವರೂ ನಮ್ಮಲ್ಲಿ ಇದ್ದಾರೆ. ಗಾಳಿ ಚೆನ್ನಾಗಿರುತ್ತದೆ ನಿಜ, ಆದರೆ ಹುಲ್ಲು ಬೆಳೆದ ಕಡೆ ಬೆಳಕಿಲ್ಲದೆ ಕಾಲಿಡಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆ.

ಈಗ ಕಾಲು ನೋವು. ಮೊದಲು ಆ ಮಾತ್ರೆ ನಿಲ್ಲಿಸಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ಹೆಸರು ಯಾವುದಾದರೂ ಇರಲಿ, ಓಡುವ ಮುಂಚೆ ನುಂಗುವ ಅಭ್ಯಾಸ ತುಂಬಾ ಕೆಟ್ಟದ್ದು. ಓಡುವಾಗ ಬೆವರಿ ಮೈಯಲ್ಲಿ ನೀರು ಕಡಿಮೆ ಆಗಿರುತ್ತದೆ. ರಕ್ತ ಎಲ್ಲ ಕಾಲಿನ ಸ್ನಾಯುಗಳಿಗೆ ಹೋಗುತ್ತಿರುತ್ತದೆ, ಕಿಡ್ನಿಗೆ ಸಿಗುವುದೇ ಸ್ವಲ್ಪ. ಈ ಮಾತ್ರೆ ಆ ಸ್ವಲ್ಪವನ್ನೂ ಕಡಿಮೆ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ಹುಣ್ಣು, ಬಿಪಿ ಇದ್ದರೆ ಬಿಪಿ ಜಾಸ್ತಿ. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಅಂದರೆ ನೋವೇ ಗೊತ್ತಾಗುವುದಿಲ್ಲ. ಮೂಳೆ ಸಾಕು ನಿಲ್ಲಿಸು ಅನ್ನುತ್ತಿರುತ್ತದೆ, ನೀವು ಅದರ ಬಾಯಿ ಮುಚ್ಚಿ ಎಂಟು ಕಿಲೋಮೀಟರ್ ಓಡಿಸುತ್ತಿದ್ದೀರಿ.

ಇವತ್ತು ಸಂಜೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಕುರ್ಚಿ ಮೇಲೆ ಕೂತು ಹೆಬ್ಬೆರಳಿನಿಂದ ಆ ಮೂಳೆಯ ಒಳಅಂಚನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತಾ ಬನ್ನಿ. ಒಂದು ಗೇಣು ಉದ್ದಕ್ಕೂ ಎಲ್ಲ ಕಡೆ ಒಂದೇ ಥರ ನೋವಿದ್ದರೆ ಅದು ಮೂಳೆಗೆ ಅಂಟಿದ ಸ್ನಾಯು ಪೊರೆಯ ಉರಿ, ಹೊಸದಾಗಿ ಓಡುವವರಿಗೆ ಬರುವುದೇ. ಅದಲ್ಲದೆ ಒಂದೇ ಕಡೆ, ಎಂಟಾಣೆ ಅಗಲದ ಜಾಗದಲ್ಲಿ ಒತ್ತಿದರೆ ಜೀವ ಹೋಗುವ ಹಾಗೆ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಆ ಕಾಲಿನಲ್ಲಿ ಕುಂಟಾಬಿಲ್ಲೆ ಆಡುವ ಹಾಗೆ ಒಂದು ಸಲ ಕುಪ್ಪಳಿಸಿದರೂ ತಡೆಯಲಾಗದಿದ್ದರೆ, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು. ಆಗ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೊದಲ ಎರಡು ಮೂರು ವಾರ ಎಕ್ಸ್‌ರೇನಲ್ಲಿ ಈ ಬಿರುಕು ಕಾಣದೇ ಇರಬಹುದು, ಎಕ್ಸ್‌ರೇ ಚೆನ್ನಾಗಿದೆ ಅಂತ ಮರುದಿನ ಓಡಲು ಹೋಗಬೇಡಿ.

ಇದು ಯಾಕೆ ಬಂತು? ಎರಡು ಕಿಲೋಮೀಟರ್‌ನಿಂದ ಎಂಟಕ್ಕೆ ಆರು ವಾರದಲ್ಲಿ ಹೋಗಿದ್ದೀರಿ, ವಾರದಲ್ಲಿ ಒಂದು ದಿನವೂ ಬಿಡುವು ಕೊಟ್ಟಿಲ್ಲ. ಉಸಿರು, ಎದೆ, ಸ್ನಾಯು ಇವು ಬೇಗ ಪಳಗುತ್ತವೆ. ಎರಡು ಮೂರು ವಾರದಲ್ಲೇ, ಆಹಾ, ಇನ್ನೂ ಓಡಬಹುದು ಅಂತ ಅನ್ನಿಸುವುದು ಅದಕ್ಕೇ. ಮೂಳೆ, ಮೂಳೆ ಕಟ್ಟುಗಳು ಪಳಗುವುದಕ್ಕೆ ತಿಂಗಳುಗಳು ಬೇಕು. ವಾರಕ್ಕೆ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಏರಿಸಬೇಡಿ ಅಂತ ನಾವು ಹೇಳುವುದು ಈ ಕಾರಣಕ್ಕೆ. ಇನ್ನೊಂದು ನನಗೆ ಅನುಮಾನ ಇದೆ. ನೀವು ಹೋಗುವಾಗಲೂ ಬರುವಾಗಲೂ ರಸ್ತೆಯ ಎಡಗಡೆಯೇ ಓಡುತ್ತೀರಿ ಅಲ್ವಾ? ನೀರು ಹರಿದು ಹೋಗಲಿ ಅಂತ ನಮ್ಮ ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಎಡಗಡೆ ಓಡುವವರಿಗೆ ಯಾವಾಗಲೂ ಎಡಗಾಲು ತಗ್ಗಿನಲ್ಲಿ ಬೀಳುತ್ತದೆ. ನಿಮಗೆ ನೋವಿರುವುದೂ ಎಡಗಾಲೇ. ಅದೊಂದೇ ಕಾರಣ ಅಂತ ಹೇಳುವುದಿಲ್ಲ, ಆದರೆ ಸಮತಟ್ಟಾದ ಮೈದಾನಕ್ಕೆ ಬನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಮೂರು ವಾರ ಓಟ ಬೇಡ. ನೋವಿಲ್ಲದಷ್ಟು ನಡೆಯಿರಿ, ಸೈಕಲ್ ತುಳಿಯಿರಿ. ನೋವಾದ ದಿನ ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಒಂದು ಸಲಕ್ಕೆ ಹದಿನೈದು, ಹಾಗೆ ಮೂರು ಸಲ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕೂತ ಹಾಗೆ ಅರ್ಧ ನಿಮಿಷ. ಇಷ್ಟು ದಿನಾ ಮಾಡಿದರೆ ಸಾಕು. ನಾಲ್ಕನೇ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ಶೂ ತಿರುಗಿಸಿ ತಳ ನೋಡಿ. ಹಿಮ್ಮಡಿಯ ಒಂದು ಪಕ್ಕ ನುಣ್ಣಗೆ ಸವೆದಿದ್ದರೆ, ಮಧ್ಯದ ಸ್ಪಂಜು ಒತ್ತಿದಾಗ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಅದರ ಕೆಲಸ ಮುಗಿಯಿತು. ಓಡುವ ಶೂ 500ರಿಂದ 800 ಕಿಲೋಮೀಟರ್ ಬರುತ್ತದೆ. ಹೊಸದನ್ನು ಸಂಜೆ ಹೊತ್ತು ತಗೊಳ್ಳಿ, ದಿನವೆಲ್ಲ ನಿಂತು ಪಾಠ ಮಾಡಿದ ಪಾದ ಸ್ವಲ್ಪ ಊದಿರುತ್ತದೆ, ಅದೇ ಸರಿಯಾದ ಅಳತೆ.

ಮಂಡಿ ಚಿಪ್ಪು ಸವೆಯುತ್ತೆ ಅಂತಾರಲ್ಲ ನಿಮ್ಮ ಸಹೋದ್ಯೋಗಿಗಳು, ಅವರಿಗೆ ಇದನ್ನು ತೋರಿಸಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ, ಸೊಂಟದ ಕೀಲು ಸವೆತ ಕಂಡಿದ್ದು ನೂರಕ್ಕೆ ಮೂರೂವರೆ ಜನರಲ್ಲಿ. ಓಡದೇ ಕೂತವರಲ್ಲಿ ನೂರಕ್ಕೆ ಹತ್ತು ಜನರಲ್ಲಿ. ಸ್ಪರ್ಧೆಗೆ ಅಂತ ವರ್ಷಗಟ್ಟಲೆ ವಿಪರೀತ ಓಡುವವರಲ್ಲಿ ಹದಿಮೂರು. ಅಂದರೆ ನಮ್ಮ ನಿಮ್ಮಂಥವರ ಓಟ ಮಂಡಿಯನ್ನು ತಿನ್ನುವುದಿಲ್ಲ. ತೂಕ ಇಳಿಯುತ್ತದೆ, ತೊಡೆ ಗಟ್ಟಿಯಾಗುತ್ತದೆ, ಮಂಡಿಗೆ ಅದರಿಂದ ಒಳ್ಳೆಯದೇ. ಆದರೆ ಮಂಡಿ ಈಗಾಗಲೇ ಊದಿಕೊಂಡಿದ್ದರೆ, ಹಿಂದೆ ಲಿಗಮೆಂಟ್ ಹರಿದಿದ್ದರೆ ಅದು ಬೇರೆ ಮಾತು, ತೋರಿಸಿಕೊಂಡೇ ಓಡಬೇಕು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ವಿಷಯ. ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬರುವವರು ಕೀಲು ನೋವು, ಸೊಂಟ ಹಿಡಿದುಕೊಂಡಿದೆ ಅಂದಾಗ ನಾನು ಮೊದಲು ಅವರ ಹಲ್ಲು ನೋಡುತ್ತೇನೆ. ಕಂದು ಗೆರೆ ಇದ್ದರೆ ನೀರು ಎಲ್ಲಿಂದ ಕುಡಿಯುತ್ತೀರಿ ಅಂತ ಕೇಳುತ್ತೇನೆ. ಆ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿಗೆ ಕಲೆ, ಕೀಲಿಗೆ ನೋವು ಅದರಿಂದಲೂ ಬರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದರೂ ಒಂದೂವರೆ ದಾಟಬಾರದು. ಓಡಲು ಶುರು ಮಾಡಿದವರು ದಿನಕ್ಕೆ ಒಂದು ಲೀಟರ್ ನೀರು ಜಾಸ್ತಿ ಕುಡಿಯುತ್ತಾರೆ, ಅದು ಯಾವ ನೀರು ಅಂತ ನೋಡಬೇಕಲ್ವಾ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿಯಿರಿ, ಅಡುಗೆಗೂ ಅದನ್ನೇ ಬಳಸಿ. ಗಂಟೆಯೊಳಗಿನ ಓಟಕ್ಕೆ ನೀರೇ ಸಾಕು, ಬಾಟಲಿಯ ಬಣ್ಣದ ನೀರು ಬೇಡ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಚೆನ್ನಾಗಿ ಆಗುತ್ತದೆ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ನಿಮ್ಮ ಆ ಮೂಳೆಗೆ ಬೇಕಾದ್ದು ಅದೇ.

ಅಮ್ಮನ ಭಯಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 29 ನಮಗೆ ಯಾರಿಗೂ ಮರೆಯುವುದಿಲ್ಲ. 46 ವರ್ಷ, ಮೈ ಕಟ್ಟಿದ ಮನುಷ್ಯ, ವ್ಯಾಯಾಮ ಮಾಡಿ ಬಂದು ಎದೆ ಹಿಡಿದುಕೊಂಡಿತು ಅಂದರೆ ಯಾವ ತಾಯಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಆಮೇಲೆ ಎಷ್ಟೋ ದಿನ ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಸಾಲು ಇತ್ತು. ಅಮ್ಮನಿಗೆ ಹೀಗೆ ಹೇಳಿ. ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದು ಓಡುವುದರಿಂದ ಅಲ್ಲ. ವರ್ಷಗಟ್ಟಲೆ ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೀಡಿ ಸಿಗರೇಟು, ಮನೆತನದಲ್ಲಿ ಇರುವುದು, ಇವುಗಳಿಂದ. ಹಾಗೆ ಕಟ್ಟಿಕೊಂಡಿರುವುದು ಗೊತ್ತಿಲ್ಲದವರು ಒಂದೇ ಸಲ ವಿಪರೀತ ಶ್ರಮ ಪಟ್ಟರೆ ಆ ಹೊತ್ತಿನಲ್ಲಿ ಅಪಾಯ ಜಾಸ್ತಿ, ಅದು ನಿಜ. ದಿನಾ ಹದವಾಗಿ ಓಡುವವರಿಗೆ ಆ ಅಪಾಯ ಕಡಿಮೆ ಆಗುತ್ತಾ ಹೋಗುತ್ತದೆ.

ಅದಕ್ಕೆ ಒಂದು ಸಲ ಪರೀಕ್ಷೆ ಮಾಡಿಸಿ. 44 ವರ್ಷ ಅಂದ ಮೇಲೆ ಓಟ ಶುರು ಮಾಡುವ ಮುಂಚೆಯೇ ಮಾಡಿಸಬೇಕಿತ್ತು. ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್, ಇಸಿಜಿ. ಅಪ್ಪ, ಚಿಕ್ಕಪ್ಪ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ 55ಕ್ಕೆ ಮುಂಚೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ, ಟಿಎಂಟಿ, ಅಂದರೆ ಯಂತ್ರದ ಮೇಲೆ ನಡೆಸಿ ಓಡಿಸಿ ಮಾಡುವ ಇಸಿಜಿ, ಬೇಕೋ ಅಂತ ಅವರು ನೋಡುತ್ತಾರೆ. ಆದರೆ ರಿಪೋರ್ಟ್ ಎಲ್ಲ ಚೆನ್ನಾಗಿದ್ದರೂ ಮೈ ಹೇಳುವುದನ್ನು ಕೇಳಲೇಬೇಕು. ಓಡುವಾಗ ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗಿ ನಿಂತರೆ ಕಡಿಮೆ ಆಗುವುದು, ದವಡೆಗೆ, ಎಡಗೈಗೆ ನೋವು ಇಳಿಯುವುದು, ಹೋದ ವಾರ ಸುಲಭವಾಗಿದ್ದ ದೂರಕ್ಕೆ ಈ ವಾರ ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು. ಇದರಲ್ಲಿ ಒಂದಾದರೂ ಗ್ಯಾಸ್ ಅಂತ ಜೀರಿಗೆ ಸೋಡಾ ಕುಡಿದು ಮಲಗಬೇಡಿ. ಗ್ಯಾಸ್ ಅಂತ ಮಲಗಿದವರನ್ನು ನಾನು ಬೆಳಗ್ಗೆ ಹೋಗಿ ನೋಡಿದ್ದೇನೆ. ಈಗ ಪುನೀತ್ ರಾಜ್‌ಕುಮಾರ್ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿಗೇ ಹೋಗೋಣ ಅಂತ ಹೊತ್ತು ಕಳೆಯಬೇಡಿ, ಹತ್ತಿರದ್ದಕ್ಕೆ ಮೊದಲು ಹೋಗಿ.

ಎಷ್ಟು ಜೋರಾಗಿ ಓಡಬೇಕು ಅನ್ನುವುದಕ್ಕೆ ಕೈಗಡಿಯಾರ ಬೇಡ. ಓಡುತ್ತಾ ಹದಿಮೂರರ ಮಗ್ಗಿ ಬಾಯಿಬಿಟ್ಟು ಹೇಳಿ. ಮೂರು ನಾಲ್ಕು ಸಾಲು ಒಟ್ಟಿಗೆ ಬಂದರೆ ವೇಗ ಸರಿ ಇದೆ. ಎರಡು ಅಂಕಿಗೇ ಉಸಿರು ಸಿಕ್ಕಿಕೊಂಡರೆ ನಿಧಾನ ಮಾಡಿ. ಸ್ಟೇಡಿಯಂನಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಾಗುವ ಹುಡುಗರು ಇರುತ್ತಾರೆ. ಅವರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಅವರ ಹಿಂದೆ ಬೀಳಬೇಡಿ. ಅವರಲ್ಲಿ ಕೆಲವರು ನಿಮ್ಮ ಹಳೇ ವಿದ್ಯಾರ್ಥಿಗಳೇ ಇರಬಹುದು, "ಬನ್ನಿ ಸರ್" ಅಂತ ಕರೆದರೂ ಹೋಗಬೇಡಿ. ಜ್ವರ ಇದ್ದಾಗ ಓಡಲೇಬೇಡಿ. ವೈರಲ್ ಜ್ವರ, ಡೆಂಗ್ಯೂ ಬಂದು ಹೋದ ಮೇಲೂ ಮೈ ಪೂರ್ತಿ ಸರಿಹೋಗುವ ತನಕ ಕಾಯಿರಿ, ಜ್ವರ ಕೆಲವು ಸಲ ಹೃದಯದ ಸ್ನಾಯುವಿಗೂ ತಾಗಿರುತ್ತದೆ. ಮಾರ್ಚ್ ಬಂದ ಮೇಲೆ ಏಳೂವರೆ ಒಳಗೆ ಮುಗಿಸಿಬಿಡಿ.

ನಿಮ್ಮ ಮನೆಯವರು ಬರುತ್ತೇನೆ ಅಂದಿದ್ದು ನನಗೆ ತುಂಬಾ ಖುಷಿ ಆಯಿತು. ಕರೆದುಕೊಂಡು ಹೋಗಿ. ಅವರಿಗೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ರಕ್ತ ಕಡಿಮೆ ಇದ್ದು ಓಡಿದರೆ ನಾಲ್ಕು ಹೆಜ್ಜೆಗೇ ಎದೆ ಬಡಿದುಕೊಳ್ಳುತ್ತದೆ, ಆಗ ಅವರು ನನ್ನ ಕೈಲಿ ಆಗಲ್ಲ ಅಂತ ಬಿಟ್ಟುಬಿಡುತ್ತಾರೆ. ಆಗದೇ ಇರುವುದು ಅವರ ಕೈಲಿ ಅಲ್ಲ, ರಕ್ತ ಇಲ್ಲದ್ದಕ್ಕೆ. ಸರಿಯಾದ ಅಳತೆಯ ಶೂ ಅವರಿಗೂ ತಗೊಳ್ಳಿ, ಚಪ್ಪಲಿಯಲ್ಲಿ ಬೇಡ. ಮಾಂಗಲ್ಯದ ಸರ ಮನೆಯಲ್ಲಿ ಇಟ್ಟು, ಕರಿಮಣಿ ಹಾಕಿಕೊಂಡು ಬರಲಿ. ಬೈಕಿನಲ್ಲಿ ಬಂದು ಸರ ಕೀಳುವವರು ಬೆಳಗಿನ ಹೊತ್ತೇ ನೋಡುವುದು, ಎಳೆದಾಗ ಬಿದ್ದು ತಲೆಗೆ ಪೆಟ್ಟಾದವರಿದ್ದಾರೆ. ಇಬ್ಬರಲ್ಲಿ ಒಬ್ಬರ ಹತ್ತಿರ ಫೋನ್ ಇರಲಿ, 112 ಮತ್ತು 108 ಎರಡೂ ಅದರಲ್ಲಿ ಇರಲಿ. ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಒಂದು ಚೀಟಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಯಾರಾದರೂ ನಿಮ್ಮ ಜೊತೆ ಓಡುತ್ತಿದ್ದರೆ ಒಂದು ತುಂಡು ಬೆಲ್ಲ ಜೇಬಿನಲ್ಲಿ ಇರಲಿ.

ಓಡೋದು ಬಿಡಬೇಡಿ ಮೇಷ್ಟ್ರೇ. ಮೂರು ವಾರ ನಿಲ್ಲಿಸಿ, ಹೊತ್ತು ಬದಲಾಯಿಸಿ, ಜಾಗ ಬದಲಾಯಿಸಿ, ಮತ್ತೆ ಎರಡು ಕಿಲೋಮೀಟರ್‌ನಿಂದ ಶುರು ಮಾಡಿ. ಈಗ ಮೊದಲು ಆಸ್ಪತ್ರೆ. ಓಪಿಡಿ ಮುಗಿದಿದ್ದರೆ ತುರ್ತು ವಿಭಾಗದಲ್ಲಿ ಕೇಳಿ. ಗಾಯ ಒಣಗಿದ್ದರೂ ಹೋಗುವ ಮುಂಚೆ ಸೋಪು ಹಚ್ಚಿ ತೊಳೆಯಿರಿ. ಅವರು ಕೊಡುವ ಕಾರ್ಡಿನಲ್ಲಿ ಮುಂದಿನ ಡೋಸ್‌ಗಳ ದಿನಾಂಕ ಬರೆದಿರುತ್ತದೆ, ಅದನ್ನು ಸ್ಟಾಫ್ ರೂಮಿನ ನಿಮ್ಮ ಟೈಮ್‌ಟೇಬಲ್ ಪಕ್ಕದಲ್ಲೇ ಅಂಟಿಸಿಕೊಳ್ಳಿ.